ನರ್ಸಬಾಯಿಯ ಪುಸ್ತಕದಲ್ಲಿ ಆಯಿಯ ಹೆಸರು

ಬಾಗೇವಾಡಿಗಳು ಒಂದೆರಡಲ್ಲ. ಬಸವಣ್ಣನವರ ಹೆಸರು ಹೊತ್ತ ಬಾಗೇವಾಡಿ ವಿಜಯಪುರದ ಕಡೆಗಿದೆ. ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯಲ್ಲಿ ಹಿರೇಬಾಗೇವಾಡಿ ಸಿಗುತ್ತದೆ. ಹುಕ್ಕೇರಿ ತಾಲೂಕಿನ ಬಾಗೇವಾಡಿಗೆ ಬೆಲ್ಲ ಅಂಟಿಕೊಂಡಿದೆ. ಕಬ್ಬಿನ ಸೀಮೆಯಲ್ಲವೆ? ಸಕ್ಕರೆ ಕಾರ್ಖಾನೆಯ ಚಿಮಣಿ ಎದ್ದು ನಿಂತರೂ ಊರು ತನ್ನ ಹೆಸರಿನಿಂದ ಬೆಲ್ಲವನ್ನು ಬಿಟ್ಟುಕೊಟ್ಟಿಲ್ಲ. ಅವಸರದವರು ಮಾತ್ರ ‘ಬಿ. ಬಾಗೇವಾಡಿ’ ಎಂದು ಬರೆದು ಮುಗಿಸುತ್ತಾರೆ. ಬಸವನ ಬಾಗೇವಾಡಿಯ ಅವಸರದವರೂ ಹಾಗೆಯೇ ಬರೆಯುವುದುಂಟು. ಹೀಗಾಗಿ ದೊಡ್ಡ ಆಸ್ಪತ್ರೆಯ ಕಿಟಕಿಯಲ್ಲಿ ಚೀಟಿ ಬರೆಯುವ ಗುಮಾಸ್ತ ತಲೆ ಎತ್ತದೆ, “ಯಾವ ಬಾಗೇವಾಡಿ?” ಎಂದು ಕೇಳಿದರೆ ಅವನದೇನೂ ತಪ್ಪಿಲ್ಲ.

ಊರಿನ ನರ್ಸಬಾಯಿ ಮಾತ್ರ ಆ ಪ್ರಶ್ನೆಯನ್ನು ಎಂದೂ ಕೇಳುವುದಿಲ್ಲ. ಅವರಿಗೆ ಊರು ಗೊತ್ತು, ಓಣಿ ಗೊತ್ತು, ಮನೆ ಗೊತ್ತು. ಯಾವ ಮನೆಯ ಸೊಸೆಗೆ ಎಷ್ಟನೆಯ ತಿಂಗಳು, ಯಾವ ಕೂಸಿಗೆ ಯಾವ ಲಸಿಕೆ ಬಾಕಿ ಎಂಬುದು ಅವರ ಬಗಲಿನ ಪುಸ್ತಕದಲ್ಲಿದೆ. ಸರಕಾರಿ ಆರೋಗ್ಯ ವ್ಯವಸ್ಥೆ ಎಂಬ ದೊಡ್ಡ ಮಾತಿಗೆ ಎರಡು ತುದಿಗಳಿವೆ. ಒಂದು ತುದಿಯಲ್ಲಿ ಆ ಕಿಟಕಿ, ಇನ್ನೊಂದು ತುದಿಯಲ್ಲಿ ಈ ಪುಸ್ತಕ. ಕಿಟಕಿಯ ಹತ್ತಿರ ರೋಗಿ ಹುಡುಕಿಕೊಂಡು ಹೋಗಬೇಕು. ಪುಸ್ತಕದಲ್ಲಿ ಹೆಸರಿದ್ದವರನ್ನು ವ್ಯವಸ್ಥೆಯೇ ಹುಡುಕಿಕೊಂಡು ಬರುತ್ತದೆ. ವ್ಯತ್ಯಾಸ ಇಷ್ಟೇ; ಆದರೆ ಬದುಕು ಸಾವಿನ ನಡುವಿನ ವ್ಯತ್ಯಾಸವೂ ಕೆಲವೊಮ್ಮೆ ಇಷ್ಟೇ ಇರುತ್ತದೆ.

ಒಂದು ಮನೆ ಎಂದು ಇಟ್ಟುಕೊಳ್ಳೋಣ. ಬೆಲ್ಲದ ಬಾಗೇವಾಡಿಯಲ್ಲಿ ಅಂಥ ಮನೆಗಳು ಓಣಿಗೆ ಹತ್ತು ಸಿಗುತ್ತವೆ. ಎರಡು ಎಕರೆ ಕಬ್ಬು, ಒಂದು ಎಮ್ಮೆ, ಸಹಕಾರಿ ಸಂಘದಲ್ಲಿ ಸಾಲ. ಮನೆಯಲ್ಲಿ ಅಜ್ಜ, ಆಯಿ, ಮಗ, ಸೊಸೆ, ಒಂದೂವರೆ ವರ್ಷದ ಮೊಮ್ಮಗ. ಸೊಸೆ ಮತ್ತೆ ಬಸುರಿ. ಬೆಳಗಿನ ಹೊತ್ತು ನರ್ಸಬಾಯಿ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಅಂಗಳಕ್ಕೆ ಬರುತ್ತಾರೆ. ಸೊಸೆಯ ತೂಕ, ರಕ್ತದೊತ್ತಡ, ಕಬ್ಬಿಣದ ಗುಳಿಗೆ, ತಾಯಿ ಕಾರ್ಡು, ಮೊಮ್ಮಗನ ಸೂಜಿ. ಕಟ್ಟೆಯ ಮೇಲೆ ಕುಳಿತ ಆಯಿ ಎಲ್ಲವನ್ನೂ ನೋಡುತ್ತಾಳೆ. ಅವಳಿಗೂ ಕಣ್ಣು ಕತ್ತಲೆ ಬರುತ್ತದೆ, ಕಾಲು ಜೋಮು ಹಿಡಿಯುತ್ತದೆ.

“ಬಾಯಾರ, ನನ್ನ ಹೆಸರ ಬರಕೊಳ್ಳಂಗಿಲ್ಲೇನ್ರಿ?”

“ಆಯಿ, ಈ ಪುಸ್ತಕದಾಗ ನಿಮ್ಮ ಹೆಸರ ಬರೀಬೇಕಂದ್ರ ನೀವು ಬಸರ ಆಗಬೇಕ ನೋಡ್ರಿ!”

ಸೊಸೆ ಸೆರಗು ಬಾಯಿಗೆ ಹಿಡಿದು ನಗುತ್ತಾಳೆ. ಆಯಿಯೂ ನಗುತ್ತಾಳೆ. ನರ್ಸಬಾಯಿ ಚೇಷ್ಟೆಗೆ ಆಡಿದ ಮಾತೇ ಆದರೂ ಅದರಲ್ಲಿ ನಮ್ಮ ದೇಶದ ಆರೋಗ್ಯ ವ್ಯವಸ್ಥೆಯ ಬಹುಪಾಲು ಚರಿತ್ರೆ ಅಡಗಿದೆ.

ಆ ವ್ಯವಸ್ಥೆಯನ್ನು ಕಾಗದದ ಮೇಲೆ ನೋಡಿದರೆ ಅಟ್ಟಕ್ಕೆ ಹಾಕಿದ ಏಣಿಯ ಹಾಗೆ ಕಾಣುತ್ತದೆ. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ; ಅಲ್ಲಿ ನರ್ಸಬಾಯಿ. 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿ ಡಾಕ್ಟರು. 1,20,000 ಜನರಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಅಲ್ಲಿ ಮೂವತ್ತು ಹಾಸಿಗೆ, ಹೆರಿಗೆ, ಮಕ್ಕಳು, ಶಸ್ತ್ರಕ್ರಿಯೆಗೆ ಬೇರೆ ಬೇರೆ ತಜ್ಞರು. ಅದರ ಮೇಲೆ ಹುಕ್ಕೇರಿಯ ತಾಲೂಕು ಆಸ್ಪತ್ರೆ, ಎಲ್ಲಕ್ಕೂ ಮೇಲೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆ. ಕೆಳಗಿನ ಮೆಟ್ಟಿಲಲ್ಲಿ ಆಗದ್ದನ್ನು ಮೇಲಿನ ಮೆಟ್ಟಿಲಿಗೆ ಚೀಟಿ ಬರೆದು ಕಳಿಸಬೇಕು. ಓದಲು ಬಲು ಚೆಂದ.

ಏಣಿಯನ್ನು ಹಿಡಿದು ನಿಂತವರು ಯಾರು ಎಂದು ಕೇಳಿದಾಗ ತೊಡಕು ಶುರುವಾಗುತ್ತದೆ. ಕೆಳಗಿನ ಮೆಟ್ಟಿಲುಗಳು ಜಿಲ್ಲಾ ಪಂಚಾಯಿತಿಯ ಅಧೀನದಲ್ಲಿವೆ. ತಾಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ ಅಲ್ಲಿನ ಯಜಮಾನರು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಾದರೋ ಸರಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಅದು ವೈದ್ಯಕೀಯ ಶಿಕ್ಷಣ ಇಲಾಖೆಯ ಮನೆ. ಅಂದರೆ ಚೀಟಿ ಹಿಡಿದು ಕೊನೆಯ ಮೆಟ್ಟಿಲು ಹತ್ತುವ ರೋಗಿ ತನಗೆ ಅರಿವಿಲ್ಲದೆ ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ದಾಟಿರುತ್ತಾನೆ. ಹಣದ ದಾರಿ ಮತ್ತೊಂದು ಬಗೆ. ಸಂಬಳ, ಕಟ್ಟಡ ರಾಜ್ಯದ್ದು. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಹಣದಲ್ಲಿ ಈಗ ನೂರಕ್ಕೆ ಅರವತ್ತು ಕೇಂದ್ರದ್ದು, ನಲವತ್ತು ರಾಜ್ಯದ್ದು. ಔಷಧಿಗಳ ಖರೀದಿಗೆ ಬೆಂಗಳೂರಿನಲ್ಲಿ ಬೇರೆಯೇ ಒಂದು ನಿಗಮ. ಒಂದು ಗುಳಿಗೆ ಇಲ್ಲದಿದ್ದರೆ ಯಾರನ್ನು ಕೇಳಬೇಕು ಎಂಬುದು ಆಯಿಗಿರಲಿ, ಗ್ರಾಮ ಪಂಚಾಯಿತಿಯ ಸದಸ್ಯನಿಗೂ ಸುಲಭವಾಗಿ ಹೊಳೆಯುವುದಿಲ್ಲ.

ಇದೇ ಹುಕ್ಕೇರಿ ತಾಲೂಕಿನವರಿಗೆ ಕರೆಂಟು ಹೋದರೆ ಯಾರನ್ನು ಕೇಳಬೇಕೆಂದು ಚೆನ್ನಾಗಿ ಗೊತ್ತು. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಅವರದೇ. ಸದಸ್ಯನ ಹೆಸರು ಸಂಘದ ಪುಸ್ತಕದಲ್ಲಿದೆ. ಕಚೇರಿ ಊರಿಗೆ ಹತ್ತಿರದಲ್ಲಿದೆ. ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು ಬಯ್ಯುವ ಹಕ್ಕೂ ಇದೆ. ದವಾಖಾನೆಗೆ ಅಂಥ ಸಭೆಯಿಲ್ಲ. ಆರೋಗ್ಯ ರಕ್ಷಾ ಸಮಿತಿ ಎಂಬುದು ಹೆಸರಿಗೆ ಇದೆ. ಅದರ ಸಭೆ ಯಾವಾಗ ಎಂದು ಊರಿನಲ್ಲಿ ಹತ್ತು ಜನರನ್ನು ಕೇಳಿ ನೋಡಬೇಕು.

ಈ ಏಣಿಯನ್ನು ಮೊದಲು ಬರೆದವರು ಚಿಕ್ಕ ಕನಸು ಕಂಡವರಲ್ಲ. ಬ್ರಿಟಿಷರ ಕಾಲದಲ್ಲೇ, 1943ರಲ್ಲಿ, ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. 1946ರಲ್ಲಿ ಬಂದ ಅದರ ವರದಿ, ಕೊಡಲು ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರೂ ಚಿಕಿತ್ಸೆ ತಪ್ಪಿಸಿಕೊಳ್ಳಬಾರದು ಎಂಬುದನ್ನು ಬುನಾದಿಯಾಗಿ ಇಟ್ಟುಕೊಂಡಿತು. ಹತ್ತಿಪ್ಪತ್ತು ಸಾವಿರ ಜನರಿಗೆ 75 ಹಾಸಿಗೆಯ ಆಸ್ಪತ್ರೆ, ಅದರ ಮೇಲೆ 650 ಹಾಸಿಗೆಯದು, ಜಿಲ್ಲೆಗೆ 2,500 ಹಾಸಿಗೆಯದು ಬೇಕು ಎಂದು ಅದು ದೂರದ ಗುರಿ ಹಾಕಿತು. ಆ ಲೆಕ್ಕದಲ್ಲಿ ಬೆಲ್ಲದ ಬಾಗೇವಾಡಿಯಂಥ ದೊಡ್ಡ ಊರು ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಂಡು 75 ಹಾಸಿಗೆಗೆ ಹಕ್ಕುದಾರ. ಅದು ಆಗಲಿಲ್ಲ. ಆಗಿನ್ನೂ ಮುಂಬಯಿ ಪ್ರಾಂತದಲ್ಲಿದ್ದ ಈ ಸೀಮೆಯವರಿಗೆ ದೊಡ್ಡ ದವಾಖಾನೆ ಎಂದರೆ ಮಿರಜದ ಮಿಶನ್ ಆಸ್ಪತ್ರೆ, ಹತ್ತಿರದ್ದೆಂದರೆ ಡಾ. ನಾ. ಸು. ಹರ್ಡೀಕರರಂಥವರು ದುಡಿದ ಘಟಪ್ರಭೆಯ ಆರೋಗ್ಯಧಾಮ. ಎರಡೂ ಸೇವೆಯಿಂದ ಎದ್ದವು, ಸರಕಾರದಿಂದಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಒಂದೊಂದಾಗಿ ಬಂದವು. ಹಾಸಿಗೆಗಳು ಮಾತ್ರ ಬೆರಳೆಣಿಕೆಯವು.

ಭೋರ್ ವರದಿಯ ಓರಗೆಯದೇ ಇನ್ನೊಂದು ಯೋಜನೆ ಇಂಗ್ಲೆಂಡಿನಲ್ಲಿತ್ತು. 1942ರ ಬೆವರಿಜ್ ವರದಿಯ ಬೆನ್ನಿಗೆ, 1948ರ ಜುಲೈ 5ರಂದು ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅದರ ಹಣ ತೆರಿಗೆಯದು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡದೊಂದು ಸಣ್ಣ ಸಂಗತಿ ಇದೆ. ಅಲ್ಲಿನ ಪ್ರತಿಯೊಬ್ಬ ಮನುಷ್ಯನೂ ತನ್ನ ಬಡಾವಣೆಯ ಒಬ್ಬ ಸಾಮಾನ್ಯ ವೈದ್ಯನ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಗಂಡು, ಹೆಣ್ಣು, ಮುದುಕ, ಕೂಸು ಯಾರೇ ಆಗಲಿ. ಮೊದಲು ಆ ವೈದ್ಯ. ಅವನು ಚೀಟಿ ಕೊಟ್ಟರೆ ದೊಡ್ಡ ಆಸ್ಪತ್ರೆ. ಅಲ್ಲೂ ಕಾಯುವ ಸಾಲುಗಳು ಉದ್ದವಾಗಿವೆ, ಗೊಣಗಾಟ ಇದೆ. ಆದರೆ ಅಲ್ಲಿಯ ಆಯಿಯ ಹೆಸರು ಒಂದು ಪುಸ್ತಕದಲ್ಲಿದೆ.

ನಮ್ಮಲ್ಲಿ ಹಾಗೆ ಮನುಷ್ಯನ ಹೆಸರು ಬರೆಯಲಿಲ್ಲ. ರೋಗದ ಹೆಸರು ಬರೆದೆವು. 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ಹದಿನೈದು ದಿನಕ್ಕೊಮ್ಮೆ ಮನೆ ಮನೆಗೆ ಬಂದು, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡು, ಬಂದ ತಾರೀಖನ್ನು ಗೋಡೆಯ ಮೇಲೆ ಬರೆದು ಹೋಗುವ ಮಲೇರಿಯಾದವರನ್ನು ಹಿರಿಯರು ಮರೆತಿಲ್ಲ. ಮನೆಯ ಗೋಡೆಯೇ ಪುಸ್ತಕವಾಗಿದ್ದ ಕಾಲ ಅದು. 1965ರ ಹೊತ್ತಿಗೆ ದೇಶದಲ್ಲಿ ಮಲೇರಿಯಾ ಸುಮಾರು ಒಂದು ಲಕ್ಷ ಪ್ರಕರಣಗಳಿಗೆ ಇಳಿಯಿತು. ಹಿಡಿತ ಸಡಿಲಾಯಿತು, 1976ರಲ್ಲಿ 64 ಲಕ್ಷಕ್ಕೆ ಏರಿ ಕುಳಿತಿತು. ಅದಕ್ಕೆ ಕಾರಣಗಳು ಹಲವು. ಸೊಳ್ಳೆ ಡಿಡಿಟಿಗೆ ಬಗ್ಗದಾಯಿತು ಎಂಬುದೂ ಒಂದು, ಮನೆಭೇಟಿ ಸೊರಗಿತು ಎಂಬುದೂ ಒಂದು. ಸಿಡುಬು ಮಾತ್ರ ಹೋದದ್ದು ಹೋಯಿತು. 1975ರ ಮೇ ತಿಂಗಳ ನಂತರ ದೇಶದಲ್ಲಿ ಅದು ಕಾಣಲಿಲ್ಲ. ಯಾವ ಮನೆಯಲ್ಲಿ ಸಿಡುಬು ಎಂದು ಹುಡುಕಿ ಹೋಗಿ, ಆ ಮನೆಯ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದ ಕೆಲಸ ಅದು.

ಸಿಡುಬಿನವರು, ಮಲೇರಿಯಾದವರು, ಕುಟುಂಬ ಯೋಜನೆಯವರು ಎಂದು ಬೇರೆ ಬೇರೆಯಾಗಿ ಬರುತ್ತಿದ್ದವರನ್ನು ಒಂದುಗೂಡಿಸಿ ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತರನ್ನಾಗಿ ಮಾಡಬೇಕೆಂದು ಕರ್ತಾರ್ ಸಿಂಗ್ ಸಮಿತಿ 1973ರಲ್ಲಿ ಹೇಳಿತು. ಹೆರಿಗೆ ಮಾಡಿಸುತ್ತಿದ್ದ ನರ್ಸಬಾಯಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾದದ್ದು ಈ ಬದಲಾವಣೆಯ ದಾರಿಯಲ್ಲಿ. ಆದರೂ ಮೇಲಿನವರು ಕೇಳಿದ್ದು ಮೂರೇ ಲೆಕ್ಕ: ಬಸುರಿಯರೆಷ್ಟು, ಮಕ್ಕಳೆಷ್ಟು, ಮತ್ತು, ಬಹಳ ವರ್ಷ, ಆಪರೇಶನ್ ಎಷ್ಟು. ಕೇಳಿದ್ದನ್ನೇ ಪುಸ್ತಕ ಬರೆದುಕೊಂಡಿತು.

ಬರೆದುಕೊಂಡ ಕಡೆ ಫಲ ಬರಲಿಲ್ಲವೆ? ಬಂತು; ಸಣ್ಣ ಫಲವೂ ಅಲ್ಲ. ಕರ್ನಾಟಕದಲ್ಲಿ 2001-03ರ ಹೊತ್ತಿಗೆ ಒಂದು ಲಕ್ಷ ಜೀವಂತ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿದಿತ್ತು. 2005-06ರ ಸಮೀಕ್ಷೆಯಲ್ಲಿ ನೂರರಲ್ಲಿ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-20ರ ಹೊತ್ತಿಗೆ 97. ನಡುವೆ ಸಾವಿರ ಜನಕ್ಕೊಬ್ಬರಂತೆ ಆಶಾ ಕಾರ್ಯಕರ್ತೆಯರು ಬಂದರು, ಜನನಿ ಸುರಕ್ಷಾ ಯೋಜನೆಯ ಹಣ ಬಂತು, 2008ರ ನವೆಂಬರ್ 1ರಿಂದ 108 ಗಾಡಿ ಬಂತು. ಇವೆಲ್ಲವೂ ಕೆಲಸ ಮಾಡಿದ್ದು ಪುಸ್ತಕದಲ್ಲಿ ಹೆಸರು, ಹೆಸರಿನ ಎದುರು ತಾರೀಖು ಇದ್ದುದರಿಂದ. ಹೆಸರಿದ್ದ ತಾಯಿ ಸತ್ತರೆ ಅವಳ ಸಾವಿಗೂ ಲೆಕ್ಕ ಕೊಡಬೇಕಾಗುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೆ ಒಬ್ಬರು ಸತ್ತಾಗ, ಅವರಿಗೆ ಏರಿಸಿದ ದ್ರಾವಣದ ಮೇಲೆ ಸಂಶಯ ಬಂದು, ಸರಕಾರ ಉತ್ತರ ಹೇಳಬೇಕಾಯಿತು. ಲಕ್ವ ಹೊಡೆದು ಸತ್ತ ಅಜ್ಜನಿಗಾಗಿ ಯಾರೂ ಉತ್ತರ ಹೇಳಬೇಕಾಗಿಲ್ಲ. ಅವನ ರಕ್ತದೊತ್ತಡ ಎಷ್ಟಿತ್ತೆಂದು ಬರೆದಿಟ್ಟವರೇ ಇಲ್ಲದ ಮೇಲೆ ಯಾರು ಯಾರನ್ನು ಕೇಳಬೇಕು?

ಪುಸ್ತಕದ ಹೊರಗೆ ಉಳಿದವರು ಮುದುಕರಷ್ಟೇ ಅಲ್ಲ. ದೀಪಾವಳಿ ಹತ್ತಿರ ಬಂದು ಕಾರ್ಖಾನೆಗಳ ಹಂಗಾಮು ಶುರುವಾದರೆ ಈ ಸೀಮೆಗೆ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಗಂಡ ಹೆಂಡತಿ ಜೋಡಿಯಾಗಿ, ಕೂಸು ಕಟ್ಟಿಕೊಂಡು ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕುತ್ತಾರೆ. ಆ ಹೆಣ್ಣುಮಗಳ ಹೆಸರು ಇದ್ದರೆ ಅವಳ ಊರಿನ ನರ್ಸಬಾಯಿಯ ಪುಸ್ತಕದಲ್ಲಿ. ಅವಳು ಇರುವುದು ಇಲ್ಲಿ. ಪೋಲಿಯೋ ಹನಿ ಹಾಕುವ ದಿನ ಮಾತ್ರ ಗುಡಿಸಲು ಗುಡಿಸಲಿಗೆ ಹೋಗಿ ಲೆಕ್ಕ ಹಿಡಿದರು. ಪೋಲಿಯೋ ದೇಶದಿಂದ ಹೋಯಿತು, 2014ರ ಮಾರ್ಚ್ 27ರಂದು ಪ್ರಮಾಣಪತ್ರವೂ ಬಂತು. ಉಳಿದ ದಿನಗಳ ಬೇನೆಗೆ ಅವಳಿಗೆ ಯಾರು? ಕಬ್ಬು ಕಡಿಯುವವರ ತವರೆನಿಸಿದ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ, ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡ ಕೂಲಿ ಹೆಂಗಸರು ಎಷ್ಟೊಂದು ಎಂಬುದು 2019ರಲ್ಲಿ ಬಯಲಿಗೆ ಬಂದು, ಅಲ್ಲಿನ ಸರಕಾರ ತನಿಖೆಗೆ ಸಮಿತಿ ಮಾಡಬೇಕಾಯಿತು. ಸರಕಾರಿ ಪುಸ್ತಕ ಕೈಬಿಟ್ಟವರನ್ನು ಖಾಸಗಿ ಕತ್ತರಿ ಕೈಬಿಡುವುದಿಲ್ಲ.

ಹಾಗಾದರೆ ಕಾರ್ಡು ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ; ಅದನ್ನು ಹಗುರವಾಗಿ ಕಾಣಬಾರದು. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂದಾಗ ಸಂಘಗಳಿಂದ ತುಂಬಿದ ಬೆಳಗಾವಿ ಸೀಮೆ ಅದನ್ನು ತನ್ನದೆಂದೇ ತಿಳಿಯಿತು. 2018ರಲ್ಲಿ ನಿಂತ ಆ ಯೋಜನೆಗೆ 2022ರ ಹೊತ್ತಿಗೆ ಮತ್ತೆ ಜೀವ ಬಂತು. 2010ರಲ್ಲಿ ಬಡವರಿಗೆಂದು ವಾಜಪೇಯಿ ಆರೋಗ್ಯಶ್ರೀ ಮೊದಲು ಕಲಬುರ್ಗಿ, ಆಮೇಲೆ ಬೆಳಗಾವಿ ವಿಭಾಗಕ್ಕೆ ಬಂತು. ಯೋಜನೆ ಇದ್ದ ಹಳ್ಳಿಗಳನ್ನೂ ಅದರ ಗಡಿಯಾಚೆಯ ಹಳ್ಳಿಗಳನ್ನೂ ಹೋಲಿಸಿದ ಒಂದು ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಹೃದಯ, ಕ್ಯಾನ್ಸರಿನಂಥ ದೊಡ್ಡ ರೋಗಗಳಿಂದ ಬಡ ಮನೆಗಳಲ್ಲಿ ಆದ ಸಾವು ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಜೀವ ಉಳಿಸಿದ ಯೋಜನೆ ಎಂಬುದರಲ್ಲಿ ಅನುಮಾನ ಬೇಡ. ಆದರೆ ಅದರಲ್ಲೂ ಆಸ್ಪತ್ರೆಗಳು ಹಳ್ಳಿಗಳಲ್ಲಿ ಶಿಬಿರ ಹಾಕಿ ರೋಗಿಗಳನ್ನು ಹುಡುಕಬೇಕೆಂಬ ಕಟ್ಟಳೆಯಿತ್ತು. ಅಲ್ಲೂ ಕಾರ್ಡಿನ ಮುಂದೆ ಮನುಷ್ಯ ನಡೆದಿದ್ದ.

2018ರಿಂದ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಎಂಬ ಒಂದೇ ಕೊಡೆಯ ಕೆಳಗೆ ಇವೆಲ್ಲ ಬಹುಪಾಲು ಬಂದಿವೆ. ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರಕಾರಿ ಆಸ್ಪತ್ರೆಯ ಚೀಟಿ ಬೇಕು. ಈ ಚೀಟಿಗೆ ಜನ ಬೇಸರಪಡುತ್ತಾರೆ, ಅಲೆದಾಟ ಎನ್ನುತ್ತಾರೆ. ಅಲೆದಾಟ ಹೌದು. ಆದರೂ ಏಣಿಯನ್ನೂ ಕಾರ್ಡನ್ನೂ ಕಟ್ಟಿಹಾಕಿರುವ ದಾರ ಅದೊಂದೇ. ಕಾರ್ಡಿಗೆ ಒಂದು ದೊಡ್ಡ ಕೊರತೆ ಇದೆ: ಅದು ಹಾಸಿಗೆಯ ಮೇಲೆ ಮಲಗಿದ ಮೇಲೆ ಎಚ್ಚರಗೊಳ್ಳುತ್ತದೆ. ಅಜ್ಜನಿಗೆ ಲಕ್ವ ಹೊಡೆದ ಮೇಲೆ ಅದು ಉಪಯೋಗಕ್ಕೆ ಬರಬಹುದು. ಲಕ್ವ ಹೊಡೆಯದಂತೆ ಹತ್ತು ವರ್ಷ ಮೊದಲೇ ದಿನಕ್ಕೊಂದು ಅಗ್ಗದ ಗುಳಿಗೆ ನುಂಗಿಸುವ ಕೆಲಸ ಅದರದಲ್ಲ. ಅದು ಪುಸ್ತಕದ ಕೆಲಸ.

ಪುಸ್ತಕಕ್ಕೆ ಈಗೀಗ ಹೊಸ ಹಾಳೆಗಳು ಸೇರುತ್ತಿವೆ. 2018ರಿಂದ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗತೊಡಗಿದವು. 2023ರಲ್ಲಿ ಅವುಗಳ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ ಎಂದಾಯಿತು. ಮೂವತ್ತು ದಾಟಿದ ಎಲ್ಲರ ರಕ್ತದೊತ್ತಡ, ಸಕ್ಕರೆ ನೋಡಬೇಕೆಂಬುದು ಅಲ್ಲಿನ ನಿಯಮ. ಅದಕ್ಕೆಂದು ಸಮುದಾಯ ಆರೋಗ್ಯ ಅಧಿಕಾರಿಯೂ ಬಂದಿದ್ದಾರೆ. 2020ರ ಮೇ ತಿಂಗಳಲ್ಲಿ ಕೊರೊನಾ ಹೆದರಿಕೆಯ ನಡುವೆ ರಾಜ್ಯದಲ್ಲಿ ಮನೆ ಮನೆ ಸಮೀಕ್ಷೆ ನಡೆದು, ಅರವತ್ತು ದಾಟಿದವರು, ಬಿ.ಪಿ. ಸಕ್ಕರೆ ಇದ್ದವರು ಯಾರೆಂದು ಬರೆದುಕೊಂಡರು. ಆಯಿಯ ವಯಸ್ಸನ್ನು ಸರಕಾರ ಅಷ್ಟು ಕಾಳಜಿಯಿಂದ ಕೇಳಲು ಒಂದು ಮಹಾಮಾರಿ ಬರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮನೆಗೇ ಹೋಗಿ ತಪಾಸಣೆ ಮಾಡಿ ಗುಳಿಗೆ ಮುಟ್ಟಿಸುವ ಮಾತಾಡುತ್ತದೆ. ಮಾತು ಸರಿಯಾದ ದಿಕ್ಕಿನದೇ.

ಆದರೆ ಹಾಳೆ ಹೆಚ್ಚಿದಷ್ಟು ಬರೆಯುವ ಕೈ ಹೆಚ್ಚಿಲ್ಲ. ಅದೇ ನರ್ಸಬಾಯಿ, ಅದೇ ಆಶಾ. ಕಾಗದದ ಪುಸ್ತಕದ ಜೊತೆಗೆ ಮೊಬೈಲಿನಲ್ಲೂ ಅದನ್ನೇ ತುಂಬಬೇಕು. ಆಶಾ ಕಾರ್ಯಕರ್ತೆಗೆ ಸರಕಾರ ಇಂದಿಗೂ ಸ್ವಯಂಸೇವಕಿ ಎನ್ನುತ್ತದೆ. ಕೊಡುವುದನ್ನು ಸಂಬಳ ಎನ್ನದೆ ಗೌರವಧನ, ಪ್ರೋತ್ಸಾಹಧನ ಎನ್ನುತ್ತದೆ. 2025ರ ಜನವರಿಯಲ್ಲಿ ಅವರು ರಾಜ್ಯದ ಮೂಲೆ ಮೂಲೆಗಳಿಂದ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ ಚಳಿಯಲ್ಲಿ ಕುಳಿತದ್ದು ತಿಂಗಳಿಗೆ ಖಚಿತವಾದ ಒಂದು ಮೊತ್ತ ಕೊಡಿ ಎಂದು ಕೇಳಲು. ದೇಶದ ಆರೋಗ್ಯದ ಲೆಕ್ಕ ಇಟ್ಟವರು ತಮ್ಮ ಲೆಕ್ಕ ಕೇಳಲು ರಾತ್ರಿ ಬಸ್ಸು ಹತ್ತಬೇಕಾಯಿತು.

ದೊಡ್ಡ ಆಸ್ಪತ್ರೆಯ ಶಂಕುಸ್ಥಾಪನೆಗೆ ಕಲ್ಲಿದೆ, ಪೆಂಡಾಲಿದೆ, ಮಂತ್ರಿಗಳಿದ್ದಾರೆ. ಒಬ್ಬ ಮುದುಕಿಯ ಹೆಸರನ್ನು ಪುಸ್ತಕದಲ್ಲಿ ಬರೆದು, ತಿಂಗಳಿಗೊಮ್ಮೆ ಮರೆಯದೆ ಹೋಗಿ ಕೈಗೆ ಪಟ್ಟಿ ಸುತ್ತಿ ನೋಡುವುದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ವ್ಯವಸ್ಥೆ ಎಂಬುದು ಬಹುತೇಕ ಇಂಥ ಟೇಪಿಲ್ಲದ ಕೆಲಸಗಳ ಮೊತ್ತ. ಅದಕ್ಕೆ ಬೇಕಾದದ್ದು ತುಂಬಿದ ಹುದ್ದೆ, ತಪ್ಪದೆ ಬರುವ ಗುಳಿಗೆ, ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಮರಳಿ ಬರುವ ಒಂದು ಚೀಟಿ. ಬೆಳಗಾವಿಯಲ್ಲಿ ಏನು ಮಾಡಿದರು, ಮುಂದೆ ಯಾವ ಗುಳಿಗೆ ಎಂದು ಊರಿನ ನರ್ಸಬಾಯಿಗೆ ತಿಳಿಸುವ ಚೀಟಿ. ಹೋಗುವ ಚೀಟಿಗಿರುವ ನಿಯಮ ಬರುವ ಚೀಟಿಗೂ ಇದ್ದರೆ, ಮಿರಜಿಗೋ ಕೊಲ್ಲಾಪುರಕ್ಕೋ ಎಮ್ಮೆ ಮಾರಿ ಹೋಗುವ ಮನೆಗಳು ಒಂದಿಷ್ಟು ಕಡಿಮೆಯಾದಾವು.

ಈ ಹಂಗಾಮಿನ ಕಬ್ಬು ಕಾರ್ಖಾನೆಗೆ ಹೋದರೆ ಯಾವ ರೈತನದು ಎಷ್ಟು ಟನ್, ಯಾವ ಗಾಡಿಯಲ್ಲಿ ಬಂತು, ಯಾವ ದಿನ ತೂಕವಾಯಿತು ಎಂಬುದೆಲ್ಲ ಅಲ್ಲಿನ ಪುಸ್ತಕದಲ್ಲಿ ಸಿಗುತ್ತದೆ. ಒಂದು ಗಾಡಿ ಕಬ್ಬಿಗೆ ಇರುವಷ್ಟು ಲೆಕ್ಕ, ಅದನ್ನು ಬೆಳೆದ ಅಜ್ಜನ ರಕ್ತದೊತ್ತಡಕ್ಕೆ, ಕಳೆ ಕಿತ್ತ ಆಯಿಯ ಸಕ್ಕರೆಗೆ, ಕಡಿದ ಹೆಣ್ಣುಮಗಳ ಬೇನೆಗೆ ಇರಬಾರದೆ?